ಮೇಜು ಬಿಟ್ಟು ಕಾವಲಿಗೆ

ಥಾಣೆಯಲ್ಲಿ ಮನೆಮಾಡಿಕೊಂಡವರು ಕೈಚೀಲ ಹಿಡಿದು ಹೊರಟರೆ 'ಲೋಣಾವಳಾಕ್ಕೋ, ಮಾಥೇರಾನಿಗೋ?' ಎಂದು ನೆರೆಯವರು ಕೇಳುವುದು ವಾಡಿಕೆ. 'ಕಲ್ಯಾಣಿಗೆ' ಎಂದರೆ ನಗುತ್ತಾರೆ. ಆದರೂ ಕಳೆದ ಜುಲೈ ತಿಂಗಳ ಒಂದು ಶುಕ್ರವಾರ ಸಂಜೆ ನಾವು, ಎಂದರೆ ಈ ಬರೆಯುವ ಗುಮಾಸ್ತನೂ ಮನೆಯಾಕೆಯೂ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳನ್ನು ಸುತ್ತಿ ಬರಲು ಹೊರಟೆವು. ನೋಡಬೇಕಾಗಿದ್ದುದು ಕೋಟೆಯನ್ನಲ್ಲ, ಗುಡಿಯನ್ನಲ್ಲ. ಒಂದು ಹೋಟೆಲಿನ ಅಡುಗೆಮನೆಯನ್ನು.

ಕಾರಣ ನಮ್ಮ ತಮ್ಮ. ಬಿ.ಕಾಂ. ಓದಿ ಐರೋಲಿಯ ಒಂದು ಕಂಪೆನಿಯಲ್ಲಿ ಎಂಟು ವರ್ಷ ಲೆಕ್ಕ ಬರೆದವನು, ಮೂವತ್ತೊಂದನೆಯ ವಯಸ್ಸಿನಲ್ಲಿ ರಾಜೀನಾಮೆ ಕೊಟ್ಟು, ಕಲ್ಯಾಣ್ ಸ್ಟೇಷನ್ನಿನ ಸಮೀಪದ ಒಂದು ಉಡುಪಿ ಹೋಟೆಲಿಗೆ ಸೇರಿಬಿಟ್ಟ. ಯಜಮಾನನಾಗಿ ಅಲ್ಲ, ಗಲ್ಲೆಯ ಮೇಲೆ ಕೂರಲೂ ಅಲ್ಲ. ತಟ್ಟೆ ಲೋಟ ತೊಳೆಯಲು! ಸಂಬಳ ಮೊದಲಿನ ಮೂರರಲ್ಲೊಂದು ಪಾಲು. ಒಂದು ಕಡೆ ಮಾತು ಮುಗಿದು ತಾಂಬೂಲಕ್ಕೆ ದಿನ ನೋಡುತ್ತಿದ್ದ ಸಂಬಂಧ, ಈ ಸುದ್ದಿ ತಲುಪಿದ ವಾರದಲ್ಲೇ ತಪ್ಪಿಹೋಯಿತು. ತಾಯಿಯವರು ಮೂರು ತಿಂಗಳಿಂದ ಅವನೊಡನೆ ಮಾತು ಬಿಟ್ಟಿದ್ದರು. ಕೊನೆಗೆ ಒಂದು ದಿನ ನಮ್ಮನ್ನು ಕರೆದು, "ನೀನು ಹಿರಿಯವ. ಹೋಗಿ ಅವನನ್ನು ಕರಕೊಂಡು ಬಾ. ನಿಮ್ಮ ಅಪ್ಪ ಹತ್ತು ವರ್ಷ ತಟ್ಟೆ ತಿಕ್ಕಿದ್ದು ಸಾಲದೇ?" ಎಂದರು.

ಈ ಮಾತಿನ ಭಾರ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಯ ಕನ್ನಡಿಗರ ಎಷ್ಟೋ ಮನೆಗಳು ಎದ್ದುನಿಂತದ್ದು ಹೋಟೆಲಿನ ಪಾತ್ರೆಯ ನೀರಿನಲ್ಲಿ. ಹಗಲು ಹೋಟೆಲು, ರಾತ್ರಿ ಶಾಲೆ. ಮೊಗವೀರ ವ್ಯವಸ್ಥಾಪಕ ಮಂಡಳಿಯವರು ಫೋರ್ಟಿನಲ್ಲಿ 1908ರಲ್ಲಿಯೇ ರಾತ್ರಿ ಶಾಲೆ ತೆರೆದರು. ಅಂಥ ಶಾಲೆಗಳಲ್ಲಿ ತೂಕಡಿಸುತ್ತ ಅಕ್ಷರ ಕಲಿತ ಹುಡುಗರು ಮುಂದೆ ಗುಮಾಸ್ತರಾದರು, ಬ್ಯಾಂಕು ಸೇರಿದರು, ವಕೀಲರಾದರು. ನಮ್ಮ ತಂದೆಯವರೂ 1964ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಅದೇ ದಾರಿ ಹಿಡಿದು ಬಂದವರು. ತೊಳೆಯುವ ಕೆಲಸದಿಂದ ಮೇಜಿಗೆ ಬರಲು ಅವರಿಗೆ ಹತ್ತು ವರ್ಷ ಬೇಕಾಯಿತು. ಮಗ ಮೇಜಿನಿಂದ ಅಲ್ಲಿಗೆ ಒಂದೇ ದಿನದಲ್ಲಿ ಮರಳಿದ್ದ!

ನಿಧಾನದ ಲೋಕಲಿನಲ್ಲಿ ಕಿಟಕಿ ಸಿಕ್ಕಿತು. ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಬಂದದ್ದು 1853ರ ಏಪ್ರಿಲ್ 16ರಂದು. ಹಳಿ ಕಲ್ಯಾಣನ್ನು ಮುಟ್ಟಿದ್ದು ಮರುವರ್ಷ. ಆ ಹಳಿಯ ಮೇಲೆ ದಿನಾ ಮುಂಬಯಿಗೆ ಹೋಗಿಬರುವ ನಮಗೆ ಥಾಣೆಯಿಂದಾಚೆಗಿನ ನೋಟವೇ ಹೊಸತು. ಕಳವಾ ದಾಟಿದೊಡನೆ ಒಂದು ಕಡೆ ಪಾರ್ಸಿಕ್ ಗುಡ್ಡ, ಮಳೆಗೆ ಮೈತುಂಬ ಹಸಿರು, ಅಲ್ಲಲ್ಲಿ ಇಳಿಯುವ ಸಣ್ಣ ಝರಿ. ಇನ್ನೊಂದು ಕಡೆ ಕೆಸರುಬಣ್ಣದ ಖಾಡಿ. ನಮ್ಮ ಊರಿನ ಹೊಳೆಬದಿ ಹೀಗೆಯೇ ಅಲ್ಲವೇ ಎಂದು ಮನೆಯಾಕೆ ಅಂದಳು. ದಿವಾ ಬರುವಷ್ಟರಲ್ಲಿ ಡಬ್ಬಿ ತುಂಬಿ, ಗುಡ್ಡವೂ ಖಾಡಿಯೂ ಜನರ ಬೆನ್ನ ಹಿಂದೆ ಮರೆಯಾದವು.

ಡೊಂಬಿವಲಿಯಲ್ಲಿ ನಮ್ಮ ಸೋದರಮಾವ ಇದ್ದಾರೆ. ಕರ್ನಾಟಕ ಸಂಘದವರ ಮಂಜುನಾಥ ವಿದ್ಯಾಲಯವಿರುವ ಈ ಊರಿನಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವಲ್ಲ. ಮಾವ ಹೋಟೆಲನ್ನು ಬಿಡದೆ, ತೊಳೆಯುವವನಿಂದ ಸಪ್ಲಾಯರ್ ಆಗಿ, ಅಡುಗೆ ಕಲಿತು, ಸ್ವಂತ ಅಂಗಡಿ ನಡೆಸಿ ಈಗ ವಿಶ್ರಾಂತಿಯಲ್ಲಿರುವವರು. ಅವರಿಂದ ಬುದ್ಧಿ ಹೇಳಿಸಿದರೆ ಹುಡುಗ ಕೇಳಿಯಾನು ಎಂಬುದು ನಮ್ಮ ಯೋಚನೆ. ಊಟವಾದ ಮೇಲೆ ಮಾವ ನಿಧಾನವಾಗಿ ಹೇಳಿದರು:

"ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರೂ ಪಾತ್ರೆ ತೊಳೆದೇ ಮೇಲೆ ಬಂದವರು. ಆದರೆ ಒಂದು ವ್ಯತ್ಯಾಸ ಉಂಟು. ನಾವೆಲ್ಲ ಹೋದದ್ದು ಹೊಟ್ಟೆಗೆ ಇಲ್ಲದೆ. ನಮಗೆ ಹಿಂದಕ್ಕೆ ದಾರಿ ಇರಲಿಲ್ಲ, ಹಾಗಾಗಿ ಕಲಿತೆವು. ಇವನಿಗೆ ದಾರಿ ಉಂಟು. ದಾರಿ ಇದ್ದೂ ನಿಲ್ಲುತ್ತಾನೋ ಅಂತ ನೋಡಬೇಕು. ನಾನೂ ಬರುತ್ತೇನೆ, ಬುದ್ಧಿ ಹೇಳಲಿಕ್ಕಲ್ಲ, ನೋಡಲಿಕ್ಕೆ."

ಮರುದಿನ ಬೆಳಗ್ಗೆ ಆರಕ್ಕೆ ಕಲ್ಯಾಣಿನಲ್ಲಿ ಇಳಿದೆವು. ಇಲ್ಲಿ ಹಳಿ ಎರಡಾಗಿ, ಒಂದು ಕಸಾರಾದ ಕಡೆಗೆ, ಇನ್ನೊಂದು ಕರ್ಜತಿನ ಕಡೆಗೆ ಹೋಗುತ್ತದೆ. ಆ ಹೊತ್ತಿನಲ್ಲೂ ಸೇತುವೆಯ ಮೇಲೆ ಕಾಲಿಡಲು ಜಾಗವಿಲ್ಲ. ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋದರೆ ಆವಿ, ಹೊಗೆ, ಸಾಂಬಾರಿನ ಪರಿಮಳ. ತಮ್ಮ ಇಡ್ಲಿಪಾತ್ರೆಯ ಮುಂದೆ ನಿಂತಿದ್ದ. ನಮ್ಮನ್ನು ಕಂಡು "ಅಣ್ಣ, ಅತ್ತಿಗೆ, ಹತ್ತು ಗಂಟೆಯವರೆಗೆ ಮಾತಾಡಲಿಕ್ಕೆ ಆಗುವುದಿಲ್ಲ" ಎಂದು ಮತ್ತೆ ತನ್ನ ಕೆಲಸಕ್ಕೆ ತಿರುಗಿದ. ನಾವು ಒಂದು ಮೂಲೆಯಲ್ಲಿ ಈರುಳ್ಳಿ ಚೀಲದ ಪಕ್ಕ ಕುಳಿತೆವು.

ಅಲ್ಲಿನ ಹಿರಿಯ ಭಟ್ಟರು ನಡುನಡುವೆ ಬಂದು ಅವನ ಕಲಿಕೆಯ ವೃತ್ತಾಂತ ಹೇಳಿದರು. ಮೊದಲ ತಿಂಗಳು ತೊಳೆಯುವುದು. ಎರಡನೆಯ ತಿಂಗಳು ಈರುಳ್ಳಿ ಸುಲಿಯುವುದು, ಕಾಯಿ ತುರಿಯುವುದು. ಮೂರನೆಯ ತಿಂಗಳು ರುಬ್ಬುವುದು ಮತ್ತು ಇಡ್ಲಿ. ದೋಸೆ ಕಾವಲಿ ಮಾತ್ರ ಗಿರಾಕಿಗಳ ಗದ್ದಲ ಇಳಿದ ಮೇಲೆ, ಅದೂ ಕೆಲಸದವರ ಪಾಲಿನ ದೋಸೆಗೆ. "ಬಂದ ಹೊಸತರಲ್ಲಿ ಪುಸ್ತಕ ಹಿಡಿದು, ಅಕ್ಕಿ ಎಷ್ಟು, ಉದ್ದು ಎಷ್ಟು, ನೀರೆಷ್ಟು ಅಂತ ಬರೆದುಕೊಳ್ಳುತ್ತಿದ್ದ. ನಾನು ಹೇಳಿದೆ, 'ಪುಸ್ತಕ ಒಳಗಿಡು ಮಾರಾಯ, ಹಿಟ್ಟಿಗೆ ಕೈ ಹಾಕು' ಅಂತ."

ಹಿಟ್ಟಿಗೆ ಕೈ ಹಾಕಿದರೆ ತಿಳಿಯುವುದೇನು? ತುಂಬ ಇದೆ. ಗ್ರೈಂಡರಿನಲ್ಲಿ ಕಲ್ಲು ತಿರುಗಿ ತಿರುಗಿ ಹಿಟ್ಟು ಬಿಸಿಯೇರಿದರೆ ಇಡ್ಲಿ ಗಟ್ಟಿ. ತಣ್ಣೀರು ಸ್ವಲ್ಪ ಸ್ವಲ್ಪವೇ ಬೀಳಬೇಕು. ಹಳೆಯ ಉದ್ದು ಹೊಸದರಷ್ಟು ಉಬ್ಬುವುದಿಲ್ಲ. ಹಿಟ್ಟನ್ನು ಹುಳಿಬರಿಸುವುದು ಕಣ್ಣಿಗೆ ಕಾಣದ ಜೀವಾಣುಗಳು, ಅವಕ್ಕೆ ಬೆಚ್ಚಗಿರಬೇಕು. ಹೀಗಾಗಿ ಮೇ ತಿಂಗಳ ಲೆಕ್ಕ ಜುಲೈಗೆ ಹೊಂದದು. ಆದರೆ ತಮ್ಮ ಪುಸ್ತಕವನ್ನು ಪೂರಾ ಬಿಟ್ಟಿರಲಿಲ್ಲ. ದಿನವೂ ಹಿಟ್ಟು ಉಬ್ಬಲು ಎಷ್ಟು ಹೊತ್ತಾಯಿತೆಂದು ತಾರೀಖು ಹಾಕಿ ಬರೆದಿಟ್ಟಿದ್ದ. ಮೇ ತಿಂಗಳಲ್ಲಿ ಐದು ಗಂಟೆ. ಸತತ ಮಳೆಯ ವಾರದಲ್ಲಿ ಎಂಟೂವರೆ. ಭಟ್ಟರು ಸ್ವಲ್ಪ ಸಂಕೋಚದಿಂದ, "ಈಗೀಗ ರಾತ್ರಿ ಎಷ್ಟಕ್ಕೆ ರುಬ್ಬಬೇಕು ಅಂತ ನಾನೇ ಅವನನ್ನು ಕೇಳುವುದು" ಎಂದು ಒಪ್ಪಿಕೊಂಡರು. ಮಾವ ನಮ್ಮ ಕಡೆ ನೋಡಿದರು, ಏನೂ ಹೇಳಲಿಲ್ಲ.

ಗದ್ದಲ ಇಳಿದ ಮೇಲೆ ನಮಗೂ ಒಂದು ಹುಚ್ಚು ಬಂತು. ಹದಿಮೂರು ವರ್ಷ ಕಡತ ತಿರುವಿದ ಕೈ, ಒಂದು ದೋಸೆ ಎರೆಯಲಾರದೇ? ಸೌಟು ಹಿಡಿದು ಎರೆದೆವು. ಹಿಟ್ಟು ಹರಡುವ ಬದಲು ಮುದ್ದೆಯಾಗಿ ಸೌಟಿನ ಹಿಂದೆಯೇ ಎದ್ದುಬಂತು. ಮನೆಯಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ತಮ್ಮ ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಒರೆಸಿ, "ಕಾದದ್ದು ಹೆಚ್ಚಾಯಿತು ಅಣ್ಣ. ನೀರಿನ ಸದ್ದು ಕೇಳು" ಎಂದ. ನಮಗೆ ಎಲ್ಲ ಸದ್ದೂ ಒಂದೇ! ಅವನ ಕೈಯಲ್ಲಿ ಹಿಟ್ಟು ತೆಳ್ಳಗೆ, ದುಂಡಗೆ ಹರಡಿತು. ಆಗಲೇ ಅವನ ಬೆರಳುಗಳ ಮೇಲೆ ನಮ್ಮ ಕಣ್ಣು ಬಿದ್ದದ್ದು. ಸಂದಿಗಳಲ್ಲಿ ಚರ್ಮ ಬಿಳಿಚಿ ಸುಲಿದಿತ್ತು. ತಂದೆಯವರ ಬೆರಳೂ ಮಳೆಗಾಲದಲ್ಲಿ ಹಾಗೆಯೇ ಇರುತ್ತಿತ್ತೆಂದು ತಾಯಿಯವರು ಹೇಳುವುದಿತ್ತು.

ಮಾವ ಡೊಂಬಿವಲಿಗೆ ಮರಳಿದರು. ಅಂದು ತಮ್ಮ ಸಾಮಾನು ತರಲು ತುರ್ಭೆಗೆ ಹೋಗುವವನಿದ್ದ, ನಾವೂ ಜೊತೆಗೂಡಿದೆವು. ಥಾಣೆಯಲ್ಲಿ ಗಾಡಿ ಬದಲಿಸಿ, 2004ರಲ್ಲಿ ತೆರೆದ ವಾಶಿ ಮಾರ್ಗವನ್ನು ಹಿಡಿಯಬೇಕು. ಐರೋಲಿ ಬಂದಾಗ ಅವನು ತನ್ನ ಹಳೆಯ ಆಫೀಸಿನ ಕಟ್ಟಡವನ್ನು ತೋರಿಸಿದ. ಮುಖದಲ್ಲಿ ಕೋಪವೂ ಇಲ್ಲ, ವ್ಯಸನವೂ ಇಲ್ಲ.

1970ರಲ್ಲಿ ಸಿಡ್ಕೋ ಸಂಸ್ಥೆ ಹುಟ್ಟಿ ಕಟ್ಟಿದ ಈ ಹೊಸ ನಗರಕ್ಕೆ ಮುಂಬಯಿಯ ಸಗಟು ಪೇಟೆಗಳು ಒಂದೊಂದಾಗಿ ಬಂದುವು. ಈರುಳ್ಳಿ-ಬಟಾಟೆ, ಹಣ್ಣು, ತರಕಾರಿ, ಧಾನ್ಯ, ಮಸಾಲೆ ಎಂದು ಐದು ಮಾರುಕಟ್ಟೆ. ಮಸಾಲೆಯ ಸಾಲಿನಲ್ಲಿ ನಮ್ಮ ಬ್ಯಾಡಗಿ ಮೆಣಸು ರಾಶಿಬಿದ್ದದ್ದನ್ನು ಕಂಡು ನೆಂಟರನ್ನು ಕಂಡಂತಾಯಿತು. ತಮ್ಮ ಒಂದನ್ನು ಮುರಿದು, ಮೂಸಿ, ಸುಕ್ಕನ್ನೂ ಬಣ್ಣವನ್ನೂ ನೋಡಿದ. ಖಾರ ಕಡಿಮೆ, ಕೆಂಪು ಹೆಚ್ಚು, ಅದೇ ಅದರ ಗುಣ. ಬಳಿಕ ತೊಟ್ಟು ತೆಗೆದರೆ ಕಿಲೋಗೆ ಎಷ್ಟು ಉಳಿಯುತ್ತದೆಂದು ಬಾಯಿಲೆಕ್ಕ ಹಾಕಿ ದರ ಮಾತಾಡಿದ. ಎಂಟು ವರ್ಷದ ಲೆಕ್ಕ ಎಲ್ಲಿಗೂ ಹೋಗಿರಲಿಲ್ಲ. ಮೇಜು ಮಾತ್ರ ಬದಲಾಗಿತ್ತು.

ಸಂಜೆ ಥಾಣೆ ಸ್ಟೇಷನ್ನಿನಲ್ಲಿ ಅವನು ಕಲ್ಯಾಣಿನ ಗಾಡಿಗೆ ಕಾಯುತ್ತಿದ್ದಾಗ, ಬಂದ ಕೆಲಸವನ್ನು ನಾವು ಬಾಯಿಬಿಟ್ಟು ಹೇಳಿದೆವು: "ಅಮ್ಮ ಕರೆದುಕೊಂಡು ಬಾ ಎಂದಿದ್ದಾರೆ."

ಅವನು ತುಸು ಹೊತ್ತು ಸುಮ್ಮನಿದ್ದ. "ಎರಡು ವರ್ಷ ಬಿಡಿ, ಅಣ್ಣ. ಅಷ್ಟರಲ್ಲಿ ಕಾವಲಿ ಕೈಗೆ ಬಾರದಿದ್ದರೆ ನಾನೇ ಮತ್ತೆ ಲೆಕ್ಕ ಬರೆಯಲಿಕ್ಕೆ ಹೋಗುತ್ತೇನೆ. ಬಂದರೆ ಒಂದು ಸಣ್ಣ ಅಂಗಡಿ. ಆದರೆ ಈಗ ಕರೆದರೆ ಬರುವುದಿಲ್ಲ." ಚೀಲದಿಂದ ಬಾಳೆಲೆಯ ಒಂದು ಕಟ್ಟು ತೆಗೆದು ಅತ್ತಿಗೆಯ ಕೈಯಲ್ಲಿಟ್ಟು, "ಬೆಳಗ್ಗೆ ನಾನೇ ಬೇಯಿಸಿದ್ದು. ಅಮ್ಮನಿಗೆ" ಎಂದು ಗಾಡಿ ಹತ್ತಿದ. ಬಲವಂತ ಮಾಡಲು ನಮಗೆ ಮನಸ್ಸಾಗಲಿಲ್ಲ. ನಮ್ಮ ಸರಕಾರಿ ಕುರ್ಚಿ ಭದ್ರವಾದದ್ದು, ನಿಜ. ಆದರೆ ಹದಿಮೂರು ವರ್ಷದಲ್ಲಿ ಒಂದು ದಿನವೂ ಯಾರೂ ನಮ್ಮನ್ನು ಕೇಳಿ ತಮ್ಮ ಕೆಲಸದ ಹೊತ್ತು ಗೊತ್ತುಮಾಡಿದ್ದಿಲ್ಲ.

ಬರಿಗೈಯಲ್ಲಿ ಬಂದ ನಮ್ಮನ್ನು ತಾಯಿಯವರು ಏನೂ ಕೇಳಲಿಲ್ಲ. ಮನೆಯಾಕೆ ಇಡ್ಲಿಯನ್ನು ಆವಿಯಲ್ಲಿ ಬಿಸಿಮಾಡಿ ತಟ್ಟೆಯಲ್ಲಿ ಮುಂದಿಟ್ಟಳು. ಬಹಳ ಹೊತ್ತು ಅದು ಹಾಗೆಯೇ ಇತ್ತು. ಕೊನೆಗೆ ಒಂದು ತುಂಡು ಮುರಿದು ಬಾಯಿಗಿಟ್ಟರು, ಮತ್ತೊಂದು ಮುರಿದರು. ತಟ್ಟೆ ಖಾಲಿಯಾದ ಮೇಲೆ ಹೇಳಿದರು:

"ಉಪ್ಪು ಒಂದು ಚಿಟಿಕೆ ಕಡಿಮೆ. ಅವನಿಗೆ ಫೋನು ಮಾಡು. ರಾತ್ರಿ ಮಲಗುವಾಗ ಬೆರಳ ಸಂದಿಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಲಿಕ್ಕೆ ಹೇಳು."

ಬೆರಳಿನ ಸಂಗತಿ ನಾವು ಅವರಿಗೆ ಹೇಳಿಯೇ ಇರಲಿಲ್ಲ. ಫೋನು ಹಚ್ಚಿ ಅವರ ಕೈಯಲ್ಲೇ ಕೊಟ್ಟೆವು.