ಹಿಂದಕ್ಕೆ ಹೋದ ಕಂತು

ತಂದೆಯವರು ತೀರಿಕೊಂಡ ವರ್ಷ ನಾವು ಮಕ್ಕಳು ಅಮ್ಮನೊಡನೆ ಕುಳಿತು ‘ದಿ ಲಾಸ್ಟ್ ಆಫ್ ಅಸ್’ ಎಂಬ ಅಮೇರಿಕದ ಧಾರಾವಾಹಿಯನ್ನು ನೋಡಿದೆವು. ಬೂಷ್ಟಿನ ರೋಗವೊಂದು 2003ರಲ್ಲಿ ಲೋಕವನ್ನು ಹಾಳುಗೆಡವಿದ ಮೇಲಿನ ಕಥೆಯದು. ಎರಡನೆಯ ಭಾಗದ ಆರಂಭದಲ್ಲೇ ಜೋಯೆಲ್ ಕೊಲೆಯಾಗುತ್ತಾನೆ. 2025ರ ಮೇ 18ರಂದು ಬಂದ ಆರನೆಯ ಕಂತು ಹಿಂದಕ್ಕೆ ಹೋಗಿ ಅವನನ್ನು ಮತ್ತೆ ನಮ್ಮೆದುರು ನಿಲ್ಲಿಸಿತು. ಮಗಳಂತೆ ಸಾಕಿದ ಎಲ್ಲಿಗೆ ಹುಟ್ಟುಹಬ್ಬಕ್ಕೆ ಗಿಟಾರು ಮಾಡಿಕೊಡುತ್ತಾನೆ. ಪಾಳುಬಿದ್ದ ವಸ್ತುಸಂಗ್ರಹಾಲಯದಲ್ಲಿ ಅವಳನ್ನು ಗಗನನೌಕೆಯೊಳಗೆ ಕೂರಿಸುತ್ತಾನೆ.

ಕಥೆಯ ಓಟಕ್ಕೆ ಇದು ಅಡ್ಡಿಯೆಂದು ಕೆಲವು ಪ್ರೇಕ್ಷಕರು ಗೊಣಗಿದರು, ಹಲವರು ಕಣ್ಣೀರಿಟ್ಟರು. ನಮ್ಮ ಮನೆಯಲ್ಲೂ ಎರಡು ಪಕ್ಷ. “ಸತ್ತವನನ್ನು ಮತ್ತೆ ತೋರಿಸಿ ಅಳಿಸುವುದೇಕೆ?” ಎಂದ ಅಣ್ಣ. “ಸತ್ತವರು ಮತ್ತೆ ಕಾಣುವುದು ಹೀಗೇ ಅಲ್ಲವೇನೋ?” ಎಂದರು ಅಮ್ಮ.

ಜೋಯೆಲ್‌ನ ಸುಳ್ಳಿಗಾಗಿ ಮುನಿದಿದ್ದ ಎಲ್ಲಿ, ಕೊನೆಗೆ ಕ್ಷಮಿಸಲು ಯತ್ನಿಸುವೆನೆನ್ನುತ್ತಾಳೆ. ಮರುದಿನವೇ ಅವನಿಲ್ಲ. ಆಗ ನಾವೆಲ್ಲರೂ ಮೌನವಾದೆವು. ತೋಟದ ವಿಷಯಕ್ಕೆ ಮುನಿಸಿಕೊಂಡು, ತಂದೆಯವರ ಕೊನೆಯ ಮೂರು ತಿಂಗಳು ನಾವು ಅವರೊಡನೆ ನೆಟ್ಟಗೆ ಮಾತಾಡಿರಲಿಲ್ಲ. ಎಲ್ಲಿಗೆ ಸಿಕ್ಕಿದ ಆ ಒಂದು ರಾತ್ರಿ ನಮಗೆ ಸಿಗಲಿಲ್ಲ.

ಮಿತ್ರರೇ, ಮನೆಯಲ್ಲಿ ಯಾರೊಡನಾದರೂ ಮಾತು ಬಿಟ್ಟಿದ್ದರೆ ಇಂದೇ ಮಾತಾಡಿರಿ. ಹಿಂದಕ್ಕೆ ಹೋಗುವ ಕಂತು ಬಾಳಿನಲ್ಲಿಲ್ಲ.