ತಂಪಿನ ಉಗ್ರಾಣ

ಗೃಹಸ್ಥರ ಮನೆಗಳಲ್ಲಿ ಫ್ರಿಜ್ಜಿಗೆ ‘ತಂಗಳ ಪೆಟ್ಟಿಗೆ’ ಎಂಬ ಹಾಸ್ಯದ ಹೆಸರೊಂದುಂಟು. ಹೆಸರಿಟ್ಟವರು ಯಾರೋ ತಿಳಿಯದು. ಅಡಿಗೆಮನೆಯ ಅನುಭವವುಳ್ಳವರೇ ಆಗಿರಬೇಕು. ನಿನ್ನೆಯ ಸಾರು, ಮೊನ್ನೆಯ ಪಲ್ಯ, ಯಾರೂ ತಿನ್ನಲೊಲ್ಲದ ಉಪ್ಪಿಟ್ಟು ಇವೆಲ್ಲ ಅದರೊಳಗೆ ಎರಡು ದಿವಸ ಮರ್ಯಾದೆಯಿಂದಿದ್ದು, ಆಮೇಲೆ ಕಲಗಚ್ಚಿನ ಬಾನಿಯನ್ನು ಸೇರುವುವು. ನಾಲ್ಕು ಜನರ ಸಂಸಾರಕ್ಕೆ ಇದರಿಂದ ಹೆಚ್ಚಿನ ಕೇಡಿಲ್ಲ. ಆದರೆ ನಾನೂರು ಎಲೆ ಹಾಕುವ ಅಡಿಗೆಮನೆಯಲ್ಲಿ ಈ ಪೆಟ್ಟಿಗೆಯ ಧರ್ಮವೇ ಬೇರೆ. ಅಲ್ಲಿ ಅದು ನಾಳೆಯ ಊಟವನ್ನು ಇಂದು ರಾತ್ರಿ ಕಾಯುವ ಉಗ್ರಾಣ. ಉಗ್ರಾಣದ ಕಾವಲು ತಪ್ಪಿದರೆ ನಷ್ಟವಾಗುವುದು ಸಾಮಾನಷ್ಟೇ ಅಲ್ಲ. ಉಂಡವರ ಆರೋಗ್ಯವೂ ಬಡಿಸಿದವರ ಮಾನವೂ ಒಟ್ಟಿಗೆ ಹೋಗುತ್ತವೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ದೊಡ್ಡ ಅಡಿಗೆಗೆ ಬಡತನವೆಂಬುದಿಲ್ಲ. ಮೇಲುಕೋಟೆಯಲ್ಲಿ ವೈರಮುಡಿಯ ಉತ್ಸವ ಬರುವುದು ಬಿಸಿಲೇರುವ ಕಾಲಕ್ಕೆ. ಆಗ ಬೆಟ್ಟವೆಲ್ಲ ಜನ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಬಂದವರಿಗೆಲ್ಲ ದಾಸೋಹ. ಶ್ರೀರಂಗನಾಥನ ದರ್ಶನಕ್ಕೂ ಸಂಗಮದ ಸ್ನಾನಕ್ಕೂ ಬಂದವರು ಹೆದ್ದಾರಿಯ ಬದಿಯ ಹೋಟೆಲುಗಳನ್ನು ತುಂಬುವರು. ಇನ್ನು ಲಗ್ನದ ತಿಂಗಳು ಬಂದಿತೆಂದರೆ ಛತ್ರಗಳಲ್ಲಿ ಒಲೆ ಆರುವುದೇ ಇಲ್ಲ. ಧಾರೆಯ ದಿನ ಪಾಯಸ ಹೋಳಿಗೆಗಳ ಊಟ. ಅದರ ಬೆನ್ನಿಗೆ ಬೀಗರೂಟ. ಬೀಗರೂಟವೆಂದರೆ ಈ ಸೀಮೆಯಲ್ಲಿ ಕುರಿಯ ಮಾಂಸವೂ ಮುದ್ದೆಯೂ ಇಲ್ಲದೆ ನಡೆಯತಕ್ಕದ್ದಲ್ಲ. ಹೀಗೆ ಒಬ್ಬನೇ ಅಡಿಗೆಯವನು ಒಂದೇ ವಾರದಲ್ಲಿ ಎರಡು ಬಗೆಯ ಅಡಿಗೆಗೂ ಹೊಣೆಯಾಗಬೇಕಾಗುತ್ತದೆ.

ಪಾಂಡವಪುರದ ಅಡಿಗೆಯ ಕಂಟ್ರಾಕ್ಟರೊಬ್ಬರು ಇಂಥ ಕಾರ್ಯಗಳಲ್ಲಿಯೇ ತಲೆ ನರೆಯಿಸಿಕೊಂಡವರು. ಊರಿನಲ್ಲಿರುವ ತಮ್ಮ ಅಡಿಗೆಯ ಕೊಟ್ಟಿಗೆಯಲ್ಲಿ ಸಾಮಾನುಗಳನ್ನೆಲ್ಲ ರಾತ್ರಿ ಸಜ್ಜುಮಾಡಿ, ನಸುಕಿಗೆ ವ್ಯಾನಿನಲ್ಲಿ ಛತ್ರಕ್ಕೆ ಸಾಗಿಸುವುದು ಅವರ ವಾಡಿಕೆ. ಮುಚ್ಚಿಹೋದ ಹೋಟೆಲೊಂದರಿಂದ ಅವರು ಒಂದು ದೊಡ್ಡ ಉಕ್ಕಿನ ಫ್ರಿಜ್ಜನ್ನು ಕೊಂಡಿದ್ದರು. ಅದಕ್ಕೆ ನಾಲ್ಕು ಬಾಗಿಲು. ಬಾಗಿಲು ನಾಲ್ಕಿದ್ದ ಮೇಲೆ ಕೋಣೆಗಳೂ ನಾಲ್ಕಿರಬೇಕೆಂದು ಅವರೂ ನಂಬಿದರು, ಆಳುಗಳೂ ನಂಬಿದರು. ಒಳಗೆ ನೋಡಿದರೆ ಅಡ್ಡಗೋಡೆಯೆಂಬುದೇ ಇಲ್ಲ. ಕಂಬಿಯ ತಟ್ಟೆಗಳು ಮಾತ್ರ. ಯಾವ ಬಾಗಿಲನ್ನು ತೆರೆದರೂ ತೆರೆಯುವುದು ಅದೇ ಮನೆಯೇ.

ಈ ನಂಬಿಕೆಗೆ ವೈಶಾಖದ ಒಂದು ರಾತ್ರಿ ಬೆಲೆ ತೆರಬೇಕಾಯಿತು. ಕೃಷ್ಣರಾಜಪೇಟೆಯ ಕಡೆ ಎರಡು ಕಾರ್ಯಗಳು: ಒಂದು ಕಡೆ ಧಾರೆ, ಇನ್ನೊಂದು ಕಡೆ ಬೀಗರೂಟ. ಮೊಸರಿನ ಡಬರಿಗಳು, ತುರಿದ ತೆಂಗಿನಕಾಯಿ, ಹೆಚ್ಚಿದ ತರಕಾರಿ ಇವು ಕೆಳಗಿನ ತಟ್ಟೆಗಳನ್ನು ಹಿಡಿದುಕೊಂಡಿದ್ದುದರಿಂದ, ಸಂಜೆ ಬಂದ ಮಾಂಸವನ್ನು ಆಳುಗಳು ಮೇಲಿನ ತಟ್ಟೆಗೇರಿಸಿದರು. ಒಲೆಯಿಂದಿಳಿದ ಪಾಯಸವನ್ನೂ ‘ಬೇಗ ಆರಲಿ’ ಎಂದು ಪಕ್ಕದ ಬಾಗಿಲಿನಲ್ಲಿಟ್ಟರು. ನಡುರಾತ್ರಿ ವಿದ್ಯುಚ್ಛಕ್ತಿ ನಿಂತಿತು. ಬೆಳಗಿನ ಜಾವ ನೋಡಿದರೆ ಮಾಂಸ ವಾಸನೆಗೆ ತಿರುಗಿದೆ. ಅದರಿಂದಿಳಿದ ರಕ್ತದ ನೀರು ಮೊಸರಿನ ಮುಚ್ಚಳದ ಮೇಲೆ ತೊಟ್ಟಿಕ್ಕಿದೆ.

ಆಳುಗಳಲ್ಲೊಬ್ಬನು ಮೆಲ್ಲಗೆ, ‘‘ಮಸಾಲೆ ಜಾಸ್ತಿ ಹಾಕಿದ್ರೆ ಯಾರಿಗೂ ಗೊತ್ತಾಗಾಕಿಲ್ಲ ಯಜಮಾನ್ರೆ’’ ಎಂದನು.

‘‘ಹೊಟ್ಟೆಗೆ ಗೊತ್ತಾಯ್ತದೆ ಕಣ್ಲಾ’’ ಎಂದರು ಯಜಮಾನರು. ಗುಂಡಿ ತೋಡಿಸಿ ಎಲ್ಲವನ್ನೂ ಹೂಳಿಸಿದರು. ಕೇಳಿದ ಬೆಲೆ ಕೊಟ್ಟು ಬೇರೆ ಮಾಂಸ, ಬೇರೆ ಮೊಸರು ತರಿಸಿದರು. ಬೀಗರ ಪಂಕ್ತಿ ಎರಡು ಗಂಟೆ ತಡವಾಯಿತು. ಹೆಣ್ಣಿನ ಕಡೆಯವರು ನಾಲ್ಕು ಮಾತನಾಡಿದರು. ಗಂಡಿನ ಕಡೆಯವರು ಕೊಡಬೇಕಾದ ಹಣದಲ್ಲಿ ಮುರಿದುಕೊಂಡರು. ತಡವೇಕಾಯಿತೆಂಬುದನ್ನು ಯಜಮಾನರು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವರ ಗೌರವ ಹೆಚ್ಚುತ್ತಿತ್ತೋ ಏನೋ. ಆದರೆ ‘ಕೆಟ್ಟಿತ್ತು’ ಎಂಬ ಮಾತು ಮಾತ್ರ ಉಳಿದು ‘ಹೂಳಿಸಿದರು’ ಎಂಬ ಮಾತು ಹಾರಿಹೋಗುವುದು ಲೋಕದ ರೀತಿಯೆಂದು ಅವರು ಬಲ್ಲರು.

ಆ ದಿನ ಅಲ್ಲಿದ್ದವರಲ್ಲಿ ಅವರ ಅಕ್ಕನ ಮಗನೊಬ್ಬನು. ಬೆಂಗಳೂರಿನಲ್ಲಿ ಹೋಟೆಲುಗಳ ಅಡಿಗೆಮನೆಗೆ ಉಕ್ಕಿನ ಸಾಮಾನು ಮಾಡುವ ಕಾರ್ಖಾನೆಯೊಂದರಲ್ಲಿ ನಕ್ಷೆ ತೆಗೆಯುವ ಕೆಲಸ ಅವನದು. ಸೋದರಮಾವನ ಮುಖವನ್ನು ನೋಡಿ ಅವನಿಗೆ ಸುಮ್ಮನಿರಲಾಗಲಿಲ್ಲ. ‘‘ಮಾವ, ನಾಲ್ಕು ಬಾಗಿಲಿಗೆ ನಾಲ್ಕು ಮನೆಯಿರೋ ಪೆಟ್ಟಿಗೆ ನಾನು ಮಾಡಿಕೊಡ್ತೀನಿ’’ ಎಂದು ಮಾತು ಕೊಟ್ಟನು. ಮಾತು ಕೊಟ್ಟ ಮೇಲೆ ಅದರ ಕಷ್ಟ ತಿಳಿಯುತ್ತ ಬಂದಿತು.

ಮೊದಲನೆಯ ನಕ್ಷೆಯಲ್ಲಿ ಅವನು ಎಲ್ಲ ಕೋಣೆಗಳನ್ನೂ ಸಾಧ್ಯವಾದಷ್ಟು ತಣ್ಣಗಿರಿಸಿದ್ದನು. ಯಜಮಾನರು ಅದನ್ನು ಕೇಳಿ ನಕ್ಕರು. ‘‘ಬಾಳೆಹಣ್ಣ ಅದ್ರೊಳಗೆ ಇಕ್ಕಿ ನೋಡು, ಇದ್ಲು ಆಯ್ತದೆ’’ ಎಂದರು. ನಿಜವೇ. ಬಾಳೆಹಣ್ಣು 13 ಡಿಗ್ರಿಗಿಂತ ಕೆಳಗಿಳಿದರೆ ಸಿಪ್ಪೆ ಕಪ್ಪಾಗುತ್ತದೆ. ಪೂರಾ ಹಣ್ಣಾಗದ ಟೊಮ್ಯಾಟೊ 10 ಡಿಗ್ರಿಯ ಕೆಳಗೆ ರುಚಿಗೆಡುತ್ತದೆ. ಆಲೂಗೆಡ್ಡೆಯನ್ನು ಬಹಳ ತಣ್ಣಗಿಟ್ಟರೆ ಅದರ ಹಿಟ್ಟು ಸಕ್ಕರೆಯಾಗಿ, ಕರಿದಾಗ ಕಪ್ಪಗಾಗುತ್ತದೆ. ಸೊಪ್ಪಿಗಾದರೋ ಸೊನ್ನೆಯ ಸಮೀಪದ ಚಳಿಯೂ ಬೇಕು, ತೇವವೂ ಬೇಕು. ಹಾಲು, ಮೊಸರು, ತುರಿದ ಕಾಯಿ ಇವು 5 ಡಿಗ್ರಿಯನ್ನು ಮೀರಬಾರದು. 5ರಿಂದ 60 ಡಿಗ್ರಿಯವರೆಗಿನದು ಕ್ರಿಮಿಗಳಿಗೆ ಸುಗ್ಗಿಯ ಕಾಲ. ಹಸಿ ಮಾಂಸಕ್ಕೆ ಸೊನ್ನೆಯಿಂದ 2 ಡಿಗ್ರಿ. ಹೆಪ್ಪುಗಟ್ಟಿಸಿದ ಪದಾರ್ಥಕ್ಕೆ ಸೊನ್ನೆಯ ಕೆಳಗೆ 18. ಚಳಿಯೆಂಬುದು ಒಂದೇ ವಸ್ತುವೆಂದು ತಿಳಿದವನಿಗೆ ಅದರಲ್ಲಿಯೂ ಜಾತಿಗಳುಂಟೆಂದು ಈಗ ಗೊತ್ತಾಯಿತು.

ಒಂದೇ ಯಂತ್ರದಿಂದ ಹಲವು ಬಗೆಯ ಚಳಿಯನ್ನು ಪಡೆಯುವುದು ಹೇಗೆ? ಫ್ರಿಜ್ಜಿನ ತತ್ತ್ವ ಸರಳವಾದುದು. ಕೊಳವೆಯೊಳಗಿನ ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಹೊರಗಿನ ಕೊಳವೆಗೆ ತಳ್ಳಿದಾಗ ಅದು ಶಾಖವನ್ನು ಬಿಟ್ಟು ಮತ್ತೆ ದ್ರವವಾಗುತ್ತದೆ. ಎಷ್ಟು ಕಡಮೆ ಒತ್ತಡದಲ್ಲಿ ಆವಿಯಾಗುವುದೋ ಅಷ್ಟು ಹೆಚ್ಚು ಚಳಿ. ಆದುದರಿಂದ ಪ್ರತಿಯೊಂದು ಕೋಣೆಗೂ ಬೇರೆ ಸುರುಳಿಯನ್ನಿಟ್ಟು, ಸೌಮ್ಯವಾದ ಕೋಣೆಯ ಸುರುಳಿಯಲ್ಲಿ ಒತ್ತಡ ಇಳಿಯದಂತೆ ಒಂದು ಕವಾಟವನ್ನು ಹಾಕಿದರೆ ಕೆಲಸ ನಡೆಯುತ್ತದೆ. ಆದರೆ ಅತಿ ಚಳಿಯ ಕೋಣೆಯೊಂದರ ಸಲುವಾಗಿ ಯಂತ್ರವೆಲ್ಲ ಆ ಕೆಳಗಿನ ಒತ್ತಡದಲ್ಲಿಯೇ ದುಡಿಯಬೇಕು. ಮನೆಯಲ್ಲೊಬ್ಬನ ಪಥ್ಯಕ್ಕಾಗಿ ಎಲ್ಲರೂ ಗಂಜಿ ಕುಡಿದ ಹಾಗೆ. ಹುಡುಗನು ಲೆಕ್ಕ ಹಾಕಿ, ಹೆಪ್ಪಿನ ಕೋಣೆಗೆ ಬೇರೆಯಾದ ಸಣ್ಣ ಕಂಪ್ರೆಸರನ್ನೇ ಇಟ್ಟನು. ಒಂದು ಕೆಟ್ಟರೆ ಎಲ್ಲವೂ ಕೆಡಲಾರದೆಂಬ ಲಾಭ ಇದರ ಜೊತೆಗೇ ದೊರಕಿತು. ಬೇರೆ ಬೇರೆ ಸುರುಳಿಗಳಿಂದ ಇನ್ನೊಂದು ಪ್ರಯೋಜನವುಂಟು: ಒಂದು ಕೋಣೆಯ ಗಾಳಿ ಇನ್ನೊಂದಕ್ಕೆ ಹೋಗುವುದಿಲ್ಲ, ಹೆಚ್ಚಿದ ಈರುಳ್ಳಿಯ ವಾಸನೆ ಹಾಲಿಗೆ ತಗಲುವುದಿಲ್ಲ.

ಪಾಯಸದ ಪ್ರಸ್ತಾಪ ಬಂದಾಗ ಅವನು ಕಾಗದದ ಮೇಲೆ ಲೆಕ್ಕವನ್ನು ತೋರಿಸಿದನು. 60 ಡಿಗ್ರಿಯ ಬಿಸಿಯಿರುವ 20 ಲೀಟರ್ ನೀರು 5 ಡಿಗ್ರಿಗೆ ಇಳಿಯುವಷ್ಟರಲ್ಲಿ ಬಿಡುವ ಶಾಖವು ಸುಮಾರು 14 ಕಿಲೋಗ್ರಾಂ ಮಂಜುಗಡ್ಡೆಯನ್ನು ಕರಗಿಸಬಲ್ಲದು. ಪಾಯಸದ ಲೆಕ್ಕವೂ ಇದಕ್ಕೆ ಬಹಳ ದೂರವಿಲ್ಲ. ಅಷ್ಟು ಬಿಸಿಯನ್ನು ಮೊಸರಿನ ನೆರೆಯಲ್ಲಿಡುವುದೆಂದರೆ ಕಳ್ಳನನ್ನು ಕರೆದು ಮಣೆ ಹಾಕಿದಂತೆ. ಈ ಪೆಟ್ಟಿಗೆ ತಣ್ಣಗಿರುವುದನ್ನು ತಣ್ಣಗೆ ಕಾಯತಕ್ಕದ್ದೇ ಹೊರತು ಬಿಸಿಯನ್ನು ಆರಿಸತಕ್ಕದ್ದಲ್ಲ. ಅದಕ್ಕಾಗಿ ಪೆಟ್ಟಿಗೆಯ ಪಕ್ಕದಲ್ಲಿ ಒಂದು ತೊಟ್ಟಿ. ಪಾಯಸವನ್ನು ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಸುರಿದು, ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ಬೇಗನೆ ಆರಿಸಿ, ಆಮೇಲೆ ಒಳಗಿಡಬೇಕು.

ಇಷ್ಟೆಲ್ಲ ಆದ ಮೇಲೆ ರಟ್ಟಿನಿಂದ ಪೆಟ್ಟಿಗೆಯ ಒಂದು ಮಾದರಿ ಸಿದ್ಧವಾಯಿತು. ಯಜಮಾನರು ಏನೂ ಹೇಳದೆ ಒಳಗೆ ಹೋಗಿ ಮೊಸರಿನ ಡಬರಿಯನ್ನು ತಂದು ಬಾಗಿಲಿಗೆ ಹಿಡಿದರು. ಡಬರಿ ಒಳಗೆ ಹೋಗಲಿಲ್ಲ. ಕಾರ್ಖಾನೆಯಲ್ಲಿ ಎಲ್ಲ ಅಳತೆಗಳೂ ಯುರೋಪಿನ ಹೋಟೆಲುಗಳಲ್ಲಿ ಬಳಸುವ 530 ಮಿಲಿಮೀಟರ್ ಉದ್ದ, 325 ಅಗಲದ ಚೌಕಟ್ಟಿನ ತಟ್ಟೆಗಳವು. ಮಂಡ್ಯದ ಸೀಮೆಯ ಪಾತ್ರೆಯೆಂದರೆ ಗುಂಡಗಿನದು. ಗುಂಡು ಪಾತ್ರೆ ಚೌಕದ ಜಾಗದಲ್ಲಿ ಕುಳಿತರೆ ನೂರರಲ್ಲಿ ಎಪ್ಪತ್ತೆಂಟು ಪಾಲನ್ನಷ್ಟೇ ತುಂಬುತ್ತದೆ. ಉಳಿದ ಮೂಲೆಗಳು ಖಾಲಿ. ಹುಡುಗನಿಗೆ ಈ ಪೋಲು ಸಹಿಸಲಿಲ್ಲ. ‘‘ಪಾತ್ರೆಗಳನ್ನೇ ಬದಲಾಯಿಸೋಣ ಮಾವ’’ ಎಂದನು. ‘‘ಪಾತ್ರೆ ಬದಲಾಯಿಸಿದ್ರೆ ಸೌಟು ಬದಲಾಯಿಸಬೇಕು, ಸೌಟು ಬದಲಾಯಿಸಿದ್ರೆ ಕೈ ಬದಲಾಯಿಸಬೇಕು’’ ಎಂದು ಉತ್ತರ ಬಂದಿತು. ರಾತ್ರಿಯೆಲ್ಲ ಯೋಚಿಸಿದ ಮೇಲೆ ಅವನಿಗೆ ಹೊಳೆಯಿತು: ಆ ಖಾಲಿ ಮೂಲೆಗಳು ಪೋಲಾದವಲ್ಲ, ತಣ್ಣನೆಯ ಗಾಳಿ ಹತ್ತಿಳಿಯುವ ಓಣಿಗಳು. ಒತ್ತೊತ್ತಾಗಿ ತುಂಬಿದ ಪೆಟ್ಟಿಗೆಯಲ್ಲಿ ನಡುವಣ ಪಾತ್ರೆ ಬೆಳಗಾದರೂ ತಣಿಯುವುದಿಲ್ಲ.

ಅಲ್ಲಿಂದ ಮುಂದಿನ ನಕ್ಷೆಯನ್ನು ಯಜಮಾನರ ಕೈಯೇ ಬರೆಯಿಸಿತು. ಗಂಟೆಗೆ ಹತ್ತು ಬಾರಿ ಬೇಕಾಗುವ ಕಾಯಿತುರಿ, ಹೆಚ್ಚಿದ ತರಕಾರಿಗಳಿಗೆ ಸೊಂಟದೆತ್ತರದಲ್ಲಿ ಸೆಳೆಖಾನೆಗಳು. ತಣ್ಣನೆಯ ಗಾಳಿ ತೂಕವಾದುದು. ನಿಂತ ಬಾಗಿಲನ್ನು ತೆರೆದರೆ ನೀರಿನಂತೆ ಕಾಲಿನ ಮೇಲೆ ಸುರಿದುಹೋಗುತ್ತದೆ, ಸೆಳೆಖಾನೆಯಲ್ಲಾದರೆ ಬೋಗುಣಿಯಲ್ಲಿ ನಿಂತಂತೆ ನಿಲ್ಲುತ್ತದೆ. ದಿನಕ್ಕೊಮ್ಮೆ ತೆರೆಯುವ ಮೊಸರಿಗೆ ಅದರ ಕೆಳಗೆ ಡಬರಿಯ ಅಳತೆಯ ಅಗಲ ಬಾಗಿಲು. ಚಳಿಯನ್ನೊಲ್ಲದ ತರಕಾರಿಗೆ 12 ಡಿಗ್ರಿಯ ಕೋಣೆ. ತುದಿಯಲ್ಲಿ ಹೆಪ್ಪಿನ ಕೋಣೆ.

ನಾಲ್ಕನೆಯದಾದ ಮಾಂಸದ ಕೋಣೆಯಲ್ಲಿ ವಿವಾದ ಬಂದಿತು. ಎಲ್ಲಕ್ಕಿಂತ ಕೆಳಗೆ, ಬೇರೆ ಗೋಡೆ, ಬೇರೆ ಗಾಳಿ, ಬೇರೆ ನೀರುದಾರಿ ಇಟ್ಟರೆ ಶಾಸ್ತ್ರೀಯವಾಗಿ ಯಾವ ಬಾಧಕವೂ ಇಲ್ಲವೆಂದು ಹುಡುಗನ ವಾದ. ಯಜಮಾನರು ಒಪ್ಪಲಿಲ್ಲ. ‘‘ಧಾರೆ ಊಟ ಹೇಳೋರು ನನ್ನ ಕೊಟ್ಟಿಗೆ ನೋಡಾಕೆ ಬತ್ತಾರೆ. ಒಂದೇ ಪೆಟ್ಟಿಗೇಲಿ ಎರಡೂ ಐತೆ ಅಂದ್ರೆ ನಿನ್ನ ಗೋಡೆ ಲೆಕ್ಕ ಅವರಿಗೆ ಹೇಳೋರು ಯಾರಪ್ಪ?’’ ಎಂದರು. ಅದು ಆಚಾರದ ಮಾತೆಂದು ಹುಡುಗನಿಗೆ ಮೊದಲು ತೋರಿತು. ಆಮೇಲೆ ನೆನಪಾದುದು ಆ ರಾತ್ರಿಯ ಗಡಿಬಿಡಿ. ಗೋಡೆ ಎಷ್ಟು ಭದ್ರವಾಗಿದ್ದರೂ, ಮಾಂಸದ ಕೈಯಿಂದಲೇ ಪಕ್ಕದ ಮೊಸರಿನ ಹಿಡಿಯನ್ನು ಎಳೆಯುವ ಆಳನ್ನು ಗೋಡೆ ತಡೆಯಲಾರದು. ಮಾಂಸಕ್ಕೆ ಗಾಲಿಗಳ ಮೇಲಿನ ಬೇರೆ ಪೆಟ್ಟಿಗೆಯೇ ಆಯಿತು. ಅದು ಕೊಟ್ಟಿಗೆಯ ಇನ್ನೊಂದು ತುದಿಯಲ್ಲಿ, ಕೊಚ್ಚುವ ಮರದ ತುಂಡಿನ ಬಳಿ ನಿಂತಿತು.

ಉಳಿದುದು ವಿದ್ಯುಚ್ಛಕ್ತಿಯ ಮಾತು. ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಆದರೂ ಬೇಸಗೆಯ ರಾತ್ರಿ ಅದು ಹೇಳದೆ ಹೋಗುವುದುಂಟು. ಚಳಿಯನ್ನು ಹುಟ್ಟಿಸುವುದು ಯಂತ್ರದ ಕೆಲಸ, ಉಳಿಸುವುದು ಗೋಡೆಯ ಕೆಲಸ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಫ್ರೆಡರಿಕ್ ಟ್ಯೂಡರನ ಹಡಗು ಕಲ್ಕತ್ತೆಗೆ ಸುಮಾರು 180 ಟನ್ನು ಮಂಜುಗಡ್ಡೆಯನ್ನು ಹೊತ್ತು ಹೊರಟಿತು. ನಾಲ್ಕು ತಿಂಗಳ ಯಾನದ ಮೇಲೆ, ಯಾವ ಯಂತ್ರದ ಸಹಾಯವೂ ಇಲ್ಲದೆ, ಸುಮಾರು 100 ಟನ್ನು ಉಳಿದಿತ್ತು. ಕಾದದ್ದು ಸುತ್ತಲಿನ ಹೊದಿಕೆ. ಈ ಪೆಟ್ಟಿಗೆಗೂ ನೊರೆಯ ಹೊದಿಕೆಯನ್ನು ವಾಡಿಕೆಗಿಂತ ದಪ್ಪವಾಗಿ ತುಂಬಿದರು. ಪ್ರತಿ ಕೋಣೆಯ ಉಷ್ಣತೆಯನ್ನೂ ಬಾಗಿಲು ತೆರೆಯದೆಯೇ ಹೊರಗಿನಿಂದ ಓದುವಂತೆ ಮಾಪಕವನ್ನಿಟ್ಟರು.

ಮರುವರ್ಷ ಲಗ್ನದ ಕಾಲಕ್ಕೆ ಪೆಟ್ಟಿಗೆ ಬಂದು ನಿಂತಿತು. ದೋಷವಿಲ್ಲದೆ ಇರಲಿಲ್ಲ: ತರಕಾರಿಯ ಕೋಣೆ ಚಿಕ್ಕದಾಯಿತು, ಒಂದು ಸೆಳೆಖಾನೆ ಕಿರುಗುಟ್ಟುತ್ತಿತ್ತು. ಒಂದು ರಾತ್ರಿ ಎಂದಿನಂತೆ ದೀಪಗಳು ಆರಿದುವು. ಹುಡುಗನು ಗಾಬರಿಯಿಂದ ಎದ್ದು ಕೊಟ್ಟಿಗೆಗೆ ಹೋದನು. ಯಜಮಾನರು ಲಾಟೀನು ಹಿಡಿದು ಮಾಪಕಗಳನ್ನು ಒಂದೊಂದಾಗಿ ನೋಡಿಕೊಂಡು ಬರುತ್ತಿದ್ದರು. ಒಂದು ಬಾಗಿಲನ್ನೂ ತೆರೆಯಲಿಲ್ಲ. ಕೊನೆಯದನ್ನು ನೋಡಿ, ‘‘ಮಲಿಕ್ಕೊ ಹೋಗು, ಬೆಳಿಗ್ಗೆ ಬೇಗ ಏಳಬೇಕು’’ ಎಂದು ತಾವೂ ಗೋಡೆಗೊರಗಿದ್ದ ಚಾಪೆಯನ್ನು ಬಿಡಿಸಿದರು. ಕಾರ್ಯದ ಹಿಂದಿನ ರಾತ್ರಿ ಅವರು ಮಲಗಿದುದನ್ನು ಆಳುಗಳು ಕಂಡದ್ದು ಅದೇ ಮೊದಲು.