ನಮ್ಮೂರಿಗೆ ಬಿಲಿಯರ್ಡ್ಸ್ ಮೇಜು ಬಂದುದು

ಹಂಪಾಪುರದಲ್ಲಿ ಬಿಲಿಯರ್ಡ್ಸ್ ಮೇಜೊಂದು ಇದೆಯೆಂದು ನಾನು ಹೇಳಿದಾಗ ನನ್ನ ಸಹಪಾಠಿಗಳಲ್ಲಿ ನಂಬಿದವರು ಒಬ್ಬರೂ ಇಲ್ಲ. ಅವರನ್ನು ದೂರಲಾರೆ. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ, ಹೆಗ್ಗಡದೇವನಕೋಟೆಗೆ ಮೊದಲು ಸಿಕ್ಕುವ ಹೋಬಳಿ ಊರು ನಮ್ಮದು. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಹತ್ತಿ, ಶುಂಠಿ, ಹೊಗೆಸೊಪ್ಪಿನ ಹೊಲಗಳೂ ಅವುಗಳ ನಡುವೆ ಎತ್ತರದ ಬ್ಯಾರನ್ನುಗಳೂ ಕಾಣುತ್ತವೆ. ಅರಮನೆಗಳಿಗೂ ದೊರೆಗಳ ಕ್ಲಬ್ಬುಗಳಿಗೂ ಸೇರಿದ ಆ ಎಂಟು ಕಾಲಿನ ಮೇಜಿಗೂ ಈ ಊರಿಗೂ ಎಲ್ಲಿಯ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ನಮ್ಮ ತಾತನದು.

ತಾತ 1959ರಲ್ಲಿ, ಹದಿನೇಳರ ಹುಡುಗನಾಗಿದ್ದಾಗ, ಮೈಸೂರಿನ ಒಂದು ಕ್ಲಬ್ಬಿನಲ್ಲಿ ಚೆಂಡು ಒರೆಸಿಡುವ ಕೆಲಸಕ್ಕೆ ಸೇರಿದರು. ಕೆಲವು ವರ್ಷಗಳಲ್ಲಿ ಮಾರ್ಕರ್ ಆದರು, 2000ದಲ್ಲಿ ನಿವೃತ್ತರಾದರು. ಮಾರ್ಕರ್ ಎಂದರೆ ಹಲಗೆಯ ಮೇಲೆ ಅಂಕ ಗುರುತು ಹಾಕುವವನು. ಬೆಳಗ್ಗೆ ಮೇಜಿನ ಬಟ್ಟೆಗೆ ಬ್ರಷ್ ಹಾಕುವುದು, ಇಸ್ತ್ರಿ ಮಾಡುವುದು, ಗುಳಿಗೆ ಬಿದ್ದ ಚೆಂಡನ್ನು ತೆಗೆದು ಅದರ ಸ್ಥಾನದಲ್ಲಿಡುವುದು, ಕೈಗೆಟುಕದ ಹೊಡೆತಕ್ಕೆ ಆಸರೆಯ ಕೋಲು ಒದಗಿಸುವುದು, ಕ್ಯೂವಿನ ತುದಿಗೆ ಚರ್ಮ ಅಂಟಿಸುವುದು ಎಲ್ಲವೂ ಅವನ ಪಾಲಿಗೆ. ಎರಡನೆಯ ತರಗತಿಗೆ ಶಾಲೆ ಬಿಟ್ಟಿದ್ದ ನಮ್ಮ ತಾತ ಇಂಗ್ಲಿಷ್ ಅಂಕಿಗಳನ್ನು ಕಲಿತುದು ಆ ಹಲಗೆಯ ಮೇಲೆಯೇ. ಅವರು ಸೇರುವ ಹಿಂದಿನ ವರ್ಷ, 1958ರಲ್ಲಿ, ಮುಂಬಯಿಯ ವಿಲ್ಸನ್ ಜೋನ್ಸ್ ಅವರು ಕಲ್ಕತ್ತೆಯಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಗೆದ್ದಿದ್ದರು. ಹೀಗಾಗಿ ಕ್ಲಬ್ಬಿನ ಸದಸ್ಯರ ಬಾಯಲ್ಲೆಲ್ಲ ಜೋನ್ಸ್, ಜೋನ್ಸ್. ನಮ್ಮ ತಾತ ಬಹುಕಾಲ ಅದನ್ನು ಒಂದು ಬಗೆಯ ಹೊಡೆತದ ಹೆಸರೆಂದೇ ತಿಳಿದಿದ್ದರಂತೆ.

ಮಾರ್ಕರ್ ಆಡುತ್ತಿರಲಿಲ್ಲವೇ? ಆಡುತ್ತಿದ್ದ. ಜೊತೆ ಸಿಕ್ಕದ ಸದಸ್ಯರು ಕರೆದಾಗ ಅವರೊಡನೆ ಆಡಬೇಕು. ಚೆನ್ನಾಗಿಯೇ ಆಡಬೇಕು, ಇಲ್ಲದಿದ್ದರೆ ಅವರಿಗೆ ಅಭ್ಯಾಸವಾಗುವುದಿಲ್ಲ. ಆದರೆ ಗೆಲ್ಲಬಾರದು. ಹೀಗೆಂದು ಯಾರೂ ಬರೆದು ಹಾಕಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಪೇಷಾವರದಲ್ಲಿ ಅಧಿಕಾರಿಗಳ ಸ್ಕ್ವಾಷ್ ಅಂಕಣದಲ್ಲಿ ಚೆಂಡು ಹೆಕ್ಕುತ್ತ ಬೆಳೆದ ಹಾಷಿಂ ಖಾನ್ 1951ರಲ್ಲಿ ಬ್ರಿಟಿಷ್ ಓಪನ್ ಗೆದ್ದು ಲೋಕವನ್ನೇ ಬೆರಗುಗೊಳಿಸಿದರು. ಅಂತಹ ಭಾಗ್ಯ ಎಲ್ಲ ಮಾರ್ಕರುಗಳಿಗೂ ಒದಗುವುದಿಲ್ಲ. ನಮ್ಮ ತಾತ ನಲವತ್ತು ವರ್ಷ ಅಂದವಾಗಿ ಸೋತು, ಭವಿಷ್ಯನಿಧಿಯ ಹಣ ಪಡೆದು, ಊರಿಗೆ ಬಂದು ಎಮ್ಮೆ ಕಟ್ಟಿದರು.

ಮೇಜು ಕೊಳ್ಳುವ ಯೋಚನೆ ಚಿಕ್ಕಪ್ಪನದು. 2023ರಲ್ಲಿ ಶುಂಠಿಯ ಬೆಲೆ ಎಂದೂ ಇಲ್ಲದಷ್ಟು ಏರಿದ್ದು ನಮ್ಮ ಕಡೆಯವರೆಲ್ಲರಿಗೂ ನೆನಪಿದೆ. ಆ ವರ್ಷ ಚಿಕ್ಕಪ್ಪನ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಊರಿನ ಹುಡುಗರು ಭಾನುವಾರ ಬಂದರೆ ಸ್ನೂಕರ್ ಆಡಲು ಮೈಸೂರಿಗೆ ಹೋಗುತ್ತಿದ್ದುದನ್ನು ಅವರು ಗಮನಿಸಿದ್ದರು. ಬಸ್ಸಿಗೆ ಕೊಡುವ ದುಡ್ಡನ್ನು ಇಲ್ಲಿಯೇ ಕೊಡಲಿ ಎಂಬುದು ಅವರ ಲೆಕ್ಕ. ನಮ್ಮಪ್ಪನದು ಬೇರೆ ಲೆಕ್ಕ: ಕೊಳವೆಬಾವಿ. ಅವ್ವನಂತೂ "ಇಸ್ಪೀಟ್ ಮನೆ ಮಾಡ್ಬುಟ್ಟಾರು" ಎಂದು ಎರಡು ದಿನ ಚಿಕ್ಕಪ್ಪನೊಡನೆ ಮಾತೇ ಆಡಲಿಲ್ಲ. ತಾತ ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ. ಆದರೆ ಮೈಸೂರಿನ ಹಳೆಯ ಪೀಠೋಪಕರಣದ ವ್ಯಾಪಾರಿಯೊಬ್ಬನ ಬಳಿ ಮೇಜು ಇದೆಯೆಂದು ಗೊತ್ತಾದ ದಿನ, ಒಗೆದ ಪಂಚೆಯುಟ್ಟು ಎಲ್ಲರಿಗಿಂತ ಮುಂಚೆ ಬಸ್‌ ನಿಲ್ದಾಣದಲ್ಲಿ ನಿಂತಿದ್ದರು.

ಇಲ್ಲಿ ಒಂದು ಮಾತು. ಪೂಲ್, ಸ್ನೂಕರ್, ಬಿಲಿಯರ್ಡ್ಸ್ ಎಲ್ಲವನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಪೂಲ್ ಮೇಜು ಚಿಕ್ಕದು. ಅದರ ಚೆಂಡುಗಳ ಮೇಲೆ ಅಂಕಿಗಳಿರುತ್ತವೆ. ಬಿಲಿಯರ್ಡ್ಸ್ ಮತ್ತು ಸ್ನೂಕರ್‌ಗಳದು 12 ಅಡಿ ಉದ್ದ, 6 ಅಡಿ ಅಗಲದ ಒಂದೇ ಮೇಜು; ಮೊದಲನೆಯದಕ್ಕೆ ಮೂರು ಚೆಂಡು, ಎರಡನೆಯದಕ್ಕೆ ಇಪ್ಪತ್ತೆರಡು. ಸ್ನೂಕರ್ ನಮ್ಮ ದೇಶದಲ್ಲೇ ಹುಟ್ಟಿದ ಆಟ. 1875ರಲ್ಲಿ ಜಬ್ಬಲ್‌ಪುರದ ಸೈನಿಕ ಶಿಬಿರದಲ್ಲಿ ನೆವಿಲ್ ಚೇಂಬರ್‌ಲೇನ್ ಎಂಬ ತರುಣ ಅಧಿಕಾರಿ ಅದನ್ನು ಹೂಡಿದ; ಅದರ ನಿಯಮಗಳು ಒಂದು ರೂಪಕ್ಕೆ ಬಂದುದು ನಮ್ಮ ಗುಂಡ್ಲುಪೇಟೆಯ ಆಚೆಗಿನ ಊಟಿಯ ಕ್ಲಬ್ಬಿನಲ್ಲಿ. ಸೈನಿಕ ಶಾಲೆಯ ಮೊದಲ ವರ್ಷದ ವಿದ್ಯಾರ್ಥಿಯನ್ನು ಅಲ್ಲಿಯ ಹಳಬರು ಹಾಸ್ಯಕ್ಕಾಗಿ 'ಸ್ನೂಕರ್' ಎನ್ನುತ್ತಿದ್ದರಂತೆ. ನಮ್ಮ ಕಾಲೇಜಿನ ಪ್ರಥಮ ಬಿ.ಎ. ತರಗತಿಯ ಮಿತ್ರರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಮೇಜು ವ್ಯಾಪಾರಿಯ ಗೋದಾಮಿನಲ್ಲಿ ಮಂಚಗಳ ಅಡಿಯಲ್ಲಿ ಬಿದ್ದಿತ್ತು. ಕೊಡಗಿನ ಒಂದು ತೋಟದ ಬಂಗಲೆಯಿಂದ ಬಂದುದೆಂದು ಅವನು ಹೇಳಿದ. ತಯಾರಕರ ಹೆಸರಿನ ಹಿತ್ತಾಳೆಯ ಫಲಕವನ್ನು ಯಾರೋ ಕಿತ್ತಿದ್ದರು. ನಾಲ್ಕು ಸ್ಕ್ರೂ ತೂತುಗಳು ಮಾತ್ರ ಉಳಿದಿದ್ದವು. ಹಸುರು ಬಟ್ಟೆಯನ್ನು ಇಲಿಗಳು ತಿಂದಿದ್ದವು. ಅಂಚಿನ ರಬ್ಬರು ಕಲ್ಲಾಗಿತ್ತು. ತೇಗದ ಎಂಟು ಕಾಲುಗಳಲ್ಲಿ ಒಂದಕ್ಕೆ ಗೆದ್ದಲು ಹತ್ತಿತ್ತು. ಚಿಕ್ಕಪ್ಪನ ಮುಖ ಬಾಡಿತು. ತಾತ ಮರದ ಕಡೆಗೆ ನೋಡಲೇ ಇಲ್ಲ. ಹರಿದ ಬಟ್ಟೆಯನ್ನು ಸರಿಸಿ, ಗೋಡೆಗೆ ಒರಗಿಸಿದ್ದ ಕಲ್ಲಿನ ಚಪ್ಪಡಿಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದರು, ಮಡಕೆ ಕೊಳ್ಳುವವರು ಕೇಳುವಂತೆ. ಐದನ್ನೂ ತಟ್ಟಿ ಎದ್ದು, "ಬಿರುಕಿಲ್ಲ, ಮಾತಾಡು" ಎಂದರು. ಎಪ್ಪತ್ತು ಸಾವಿರಕ್ಕೆ ಮಾತಾಯಿತು.

ಬಿಲಿಯರ್ಡ್ಸ್ ಮೇಜೆಂದರೆ ವಾಸ್ತವವಾಗಿ ಆ ಕಲ್ಲೇ. ಉಳಿದುದೆಲ್ಲ ಅದರ ಪರಿವಾರ. ಮೊದಲು ಮರದ ಹಲಗೆಯ ಮೇಲೆಯೇ ಆಡುತ್ತಿದ್ದರು; ಹವೆಗೆ ಹಲಗೆ ಡೊಂಕಾಗುತ್ತಿತ್ತು. 1826ರಲ್ಲಿ ಲಂಡನ್ನಿನ ಜಾನ್ ಥರ್ಸ್ಟನ್ ಎಂಬ ಮೇಜು ತಯಾರಕ ಸ್ಲೇಟು ಕಲ್ಲನ್ನು ಹಾಸಿ ನೋಡಿದ. ವೇಲ್ಸ್ ನಾಡಿನ ಗಣಿಗಳ ಆ ಕಲ್ಲು ಪದರ ಪದರವಾಗಿ ಸಮವಾಗಿ ಸೀಳುತ್ತದೆ. ಬಿಸಿಲಿಗೂ ಮಳೆಗೂ ಬಾಗುವುದಿಲ್ಲ. ನಾವು ಶಾಲೆಯಲ್ಲಿ ಅಕ್ಷರ ತಿದ್ದಿದ ಸ್ಲೇಟಿನ ಜಾತಿಯೇ. ದಪ್ಪ ಮಾತ್ರ ಎರಡು ಅಂಗುಲಕ್ಕೆ ಸ್ವಲ್ಪ ಕಡಮೆ. ನಮ್ಮ ಚಪ್ಪಡಿಗಳು ಒಂದೊಂದೂ ಒಂದೂವರೆ ಕ್ವಿಂಟಲಿಗೆ ಮೇಲ್ಪಟ್ಟು ತೂಗುತ್ತವೆ. ಹಮಾಲಿಗಳು ಅವನ್ನು ಲಾರಿಯಲ್ಲಿ ಮಲಗಿಸಹೊರಟಾಗ ತಾತ ಕೂಗಿದ ಕೂಗಿಗೆ ಬೀದಿಯ ಜನ ತಿರುಗಿ ನೋಡಿದರು. "ಮಲಗ್ಸಬ್ಯಾಡ್ರಪ್ಪೋ! ನಿಲ್ಸಿ ತಗೊಂಡೋಗ್ಬೇಕು ಅದ್ನ!" ಮಲಗಿದ ಕಲ್ಲು ಗುಂಡಿಯಲ್ಲಿ ಲಾರಿ ಕುಲುಕಿದರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ. ಹುಲ್ಲಿನ ಮೂಟೆಗಳ ನಡುವೆ ನಿಲ್ಲಿಸಿ, ಹಂಪಾಪುರದವರೆಗೂ ತಾತ ಲಾರಿಯ ಹಿಂದುಗಡೆಯೇ ಕೂತು ಬಂದರು. ಎಂಬತ್ತೆರಡರ ಮುದುಕನನ್ನು ಹೀಗೆ ಕೂರಿಸಿದ್ದೀರಲ್ಲ ಎಂದು ದಾರಿಯಲ್ಲಿ ಚಹದ ಅಂಗಡಿಯವರು ನಮ್ಮನ್ನು ಬೈದರು.

ಇಡುವುದೆಲ್ಲಿ? ಕ್ಯೂ ಬೀಸಲು ಮೇಜಿನ ಸುತ್ತಲೂ ಐದು ಅಡಿ ಬೇಕು; ಅಂದರೆ ಕೋಣೆ 22 ಅಡಿಗೆ 16 ಅಡಿ. ನಮ್ಮ ಮನೆಯಲ್ಲಿ ಅಂತಹ ಕೋಣೆ ಇಲ್ಲ. ಆದರೆ ಹೊಗೆಸೊಪ್ಪು ಬೆಳೆಯುವುದನ್ನು ಬಿಟ್ಟಮೇಲೆ ಹುಲ್ಲು ತುಂಬಿದ್ದ ನಮ್ಮ ಬ್ಯಾರನ್ನು 24 ಅಡಿಗೆ 16 ಅಡಿ. ಅದರ ಕಬ್ಬಿಣದ ಕೊಳವೆಗಳು ಯಾವಾಗಲೋ ಗುಜರಿಗೆ ಹೋಗಿದ್ದವು. ಕಿಟಕಿಯಿಲ್ಲದ ಗೋಡೆ ಬಟ್ಟೆಯ ಬಣ್ಣಕ್ಕೆ ಒಳ್ಳೆಯದೇ ಆಯಿತು. ಎಂಟು ಕಾಲುಗಳ ಕೆಳಗೆ ಕಾಂಕ್ರೀಟು ಹಾಕಿಸಿ, ಗೆದ್ದಲು ತಿಂದ ಕಾಲಿಗೆ ಬದಲಾಗಿ ಹೊನ್ನೆಮರದ ಕಾಲನ್ನು ಲೇತಿನಲ್ಲಿ ಕಡೆಸಿದೆವು. ಬಣ್ಣ ಹೊಂದಲಿಲ್ಲ. ಇಂದಿಗೂ ಅದು ಕನ್ನಡಕ ಹಾಕಿದ ಹುಡುಗನಂತೆ ಏಳರ ನಡುವೆ ಬೇರೆಯಾಗಿಯೇ ಕಾಣುತ್ತದೆ.

ಮಟ್ಟ ಮಾಡಲು ಐದು ದಿನ ಹಿಡಿಯಿತು. ಮೇಸ್ತ್ರಿ ರಸಮಟ್ಟವಿಟ್ಟು ಅರ್ಧ ದಿನದಲ್ಲಿ ಸರಿಯಾಯಿತೆಂದ. ತಾತ ಒಂದು ಚೆಂಡನ್ನು ಮೆಲ್ಲಗೆ, ಇನ್ನೇನು ನಿಲ್ಲುತ್ತದೆಂಬಷ್ಟು ಮೆಲ್ಲಗೆ ಉರುಳಿಸಿದರು. ಹನ್ನೊಂದು ಅಡಿ ನೆಟ್ಟಗೆ ಹೋದ ಚೆಂಡು ಕೊನೆಯ ಗೇಣಿನಲ್ಲಿ ಎಡಕ್ಕೆ ವಾಲಿತು. "ರಸಮಟ್ಟ ಸುಳ್ಳು ಯೋಳುತ್ತೆ, ಸಾಯೋ ಚೆಂಡು ಯೋಳಲ್ಲ" ಎಂದರು. ಮೇಸ್ತ್ರಿಗೆ ಸಿಟ್ಟು ಬಂದಿತು. ಕಲ್ಲಿನ ಅಡಿಯಲ್ಲಿ ಕೂದಲೆಳೆಯಷ್ಟು ಎತ್ತರಿಸಬೇಕಾದಲ್ಲಿ ಇಡಲು ಇಸ್ಪೀಟಿನ ಎಲೆಗಿಂತ ಉತ್ತಮವಾದ ವಸ್ತುವಿಲ್ಲವಂತೆ. ಹೀಗೆ ಅವ್ವ ಅಂಜಿದ್ದ ಇಸ್ಪೀಟು ಕಟ್ಟು ನಮ್ಮ ಮನೆಗೆ ಬಂದೇ ಬಂದಿತು. ಕತ್ತರಿಯಲ್ಲಿ ಚೂರುಚೂರಾಗಿ ಕಲ್ಲಿನ ಕೆಳಗೆ ಸೇರಿತು. ಅವ್ವನೇ ಕತ್ತರಿಸಿದಳು. ಚಪ್ಪಡಿಗಳ ಸಂದುಗಳಿಗೆ ಕಾಡಂಚಿನ ಹಾಡಿಯಿಂದ ತಂದ ಜೇನುಮೇಣವನ್ನು ಕಾಯಿಸಿ ತುಂಬಿದೆವು. ತಾತ ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಎಳೆದು, ಉಗುರು ಎಲ್ಲಿ ತಡೆಯಿತೋ ಅಲ್ಲಿ ಮತ್ತೆ ಕೆರೆಸುತ್ತಿದ್ದರು. ಅವರ ಎರಡು ಕಣ್ಣಿಗೂ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಉಗುರಿಗೆ ಏನೂ ಆಗಿಲ್ಲ.

ಉಣ್ಣೆಯ ಬಟ್ಟೆಯನ್ನು ನಾವು ಮೂವರು ಎಳೆದು ಹಿಡಿದೆವು, ಬಡಗಿ ಮೊಳೆ ಹೊಡೆದ. ಆ ಬಟ್ಟೆಗೆ ಬೆಕ್ಕಿನ ಮೈಯಂತೆ ಒಂದೇ ದಿಕ್ಕಿಗೆ ಮಲಗಿದ ನವಿರುಂಟು. ಬ್ರಷ್ಷಾಗಲಿ ಇಸ್ತ್ರಿಯಾಗಲಿ ಆಟ ಶುರುವಾಗುವ ತುದಿಯಿಂದ ಕಪ್ಪು ಚೆಂಡಿನ ತುದಿಗೇ ಹೋಗಬೇಕು, ಹಿಂದಕ್ಕೆ ಎಳೆಯಕೂಡದು. ಇಸ್ತ್ರಿ ಅಂಗಡಿಯಿಂದ ಕೆಂಡದ ಪೆಟ್ಟಿಗೆಯನ್ನು ಕಡ ತಂದು, ಕಾಗದದ ಮೇಲಿಟ್ಟು ಬಿಸಿ ನೋಡಿ, ತಾತ ತಾವೇ ಎಳೆದರು. ಕೆಳ ಅಂಚಿನಿಂದ 29 ಅಂಗುಲಕ್ಕೆ ಅಡ್ಡಗೆರೆ, ಅದರ ಮೇಲೆ 11½ ಅಂಗುಲದ ಅರ್ಧವೃತ್ತ. ದರ್ಜಿಯ ಸೀಮೆಸುಣ್ಣಕ್ಕೆ ದಾರ ಕಟ್ಟಿ ಬರೆದರು. ಅಳತೆಯನ್ನು ಯಾರನ್ನೂ ಕೇಳಲಿಲ್ಲ.

ಚೆಂಡುಗಳ ವಿಷಯ ಬರೆಯದಿದ್ದರೆ ನಮ್ಮ ತಾಲ್ಲೂಕಿಗೆ ಅನ್ಯಾಯವಾದೀತು. ಹಿಂದೆ ಅವನ್ನು ಆನೆಯ ದಂತದಿಂದ ಕಡೆಯುತ್ತಿದ್ದರು. ಒಂದು ದಂತಕ್ಕೆ ಬೆರಳೆಣಿಕೆಯಷ್ಟು ಚೆಂಡು. ದಂತಕ್ಕೆ ಬದಲಿ ವಸ್ತು ಕಂಡುಹಿಡಿದವರಿಗೆ ಅಮೆರಿಕದ ಮೇಜು ತಯಾರಕರು 1863ರಲ್ಲಿ ಹತ್ತು ಸಾವಿರ ಡಾಲರ್ ಬಹುಮಾನ ಸಾರಿದರು. ಜಾನ್ ಹಯಾಟ್ ಎಂಬಾತನು ಅದೇ ಹಂಬಲದಲ್ಲಿ ಸೆಲ್ಯುಲಾಯ್ಡ್ ಎಂಬ ವಸ್ತುವನ್ನು ತಯಾರಿಸಿದ. ಇಂದಿನ ಪ್ಲಾಸ್ಟಿಕ್ಕಿನ ವಂಶಾವಳಿಯಲ್ಲಿ ಅದು ಹಿರಿಯರ ಸಾಲಿನದು. ನಮ್ಮ ತಾಲ್ಲೂಕಿನ ಕಾಕನಕೋಟೆಯ ಖೆಡ್ಡಾದಲ್ಲಿ 1971ರವರೆಗೆ ಹಿಡಿದ ಆನೆಗಳು ದಂತಕ್ಕಾಗಿ ಅಲ್ಲ, ದುಡಿಮೆಗಾಗಿ ಹೋದವು. ಅಷ್ಟರಮಟ್ಟಿಗೆ ನಮ್ಮವರು ನಿರಪರಾಧಿಗಳು. ತಾತನ ಕ್ಲಬ್ಬಿನ ಬೀರುವಿನಲ್ಲಿ ಮೂರು ದಂತದ ಚೆಂಡುಗಳನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದರಂತೆ. ಮಾರ್ಕರ್ ವರ್ಷಕ್ಕೊಮ್ಮೆ ಅವನ್ನು ಒರೆಸಬಹುದಿತ್ತು. ನಮ್ಮ ಚೆಂಡುಗಳು ಬೆಂಗಳೂರಿನಿಂದ ತರಿಸಿದ ರಾಳದ ಚೆಂಡುಗಳು. ಊರಿನ ಮಕ್ಕಳು ಅವನ್ನು ಗೋಲಿ ಎನ್ನುತ್ತಾರೆ.

ಅಂತೂ ಕೆಲಸ ಮುಗಿಯಿತು. ಗಂಟೆಗೆ ಎಂಬತ್ತು ರೂಪಾಯಿ, ಸೋತವರು ಕೊಡತಕ್ಕದ್ದು, ಪಣ ಕಟ್ಟಕೂಡದು, ಕೈ ತೊಳೆದು ಬರತಕ್ಕದ್ದು ಎಂದು ನಾನು ಹಲಗೆ ಬರೆದೆ. ಹುಡುಗರು ಬಂದರು. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿಯವರ ಇಪ್ಪತ್ತೈದಕ್ಕೂ ಮಿಕ್ಕ ವಿಶ್ವ ಪ್ರಶಸ್ತಿಗಳನ್ನು ಬಾಯಿಪಾಠ ಒಪ್ಪಿಸುವವರು, ಕ್ಯೂವನ್ನು ಹಾರೆಯಂತೆ ಹಿಡಿಯುವವರು, ಎಲ್ಲರೂ ಬಂದರು. ತಾತ ಅಂಕದ ಹಲಗೆಯ ಪಕ್ಕದಲ್ಲಿ ನಿಂತರು. ಕುರ್ಚಿ ಹಾಕಿದರೂ ಕೂರಲಿಲ್ಲ.

ಸಂಜೆ ಜನ ಕರಗಿದ ಮೇಲೆ ನಾನೋ ಚಿಕ್ಕಪ್ಪನೋ ಕರೆದರೆ ಅವರು ಆಡುತ್ತಿದ್ದರು. ಪ್ರತಿಸಲವೂ ನಾಲ್ಕಾರು ಅಂಕಗಳಿಂದ ಸೋಲುತ್ತಿದ್ದರು. ಚಿಕ್ಕಪ್ಪ ಹಿಗ್ಗಿ ಹೀರೆಕಾಯಾದರು. ನಾನು ಒಂದು ತಿಂಗಳು ನೋಡಿದೆ. ದೂರದ ಕೆಂಪು ಚೆಂಡನ್ನು ನೂಲು ಹಿಡಿದಂತೆ ಗುಳಿಗೆ ಇಳಿಸುವ ಕೈ, ಗುಳಿಯ ಬಾಯಲ್ಲೇ ಕೂತ ಕಪ್ಪು ಚೆಂಡನ್ನು ತಪ್ಪಿಸುತ್ತಿತ್ತು. ಅದೂ ಎಂತಹ ತಪ್ಪು! ಚೆಂಡು ಗುಳಿಯ ತುಟಿಗೆ ತಾಗಿ, ಎದುರಾಳಿಗೆ ಸುಲಭವಾಗುವ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಏಕೆ ತಾತ, ಇಲ್ಲಿ ಸದಸ್ಯರು ಯಾರಿದ್ದಾರೆ ಎಂದು ಕೇಳಿದೆ. "ಕೈಗೆ ಅದೇ ಅಭ್ಯಾಸ ಕಣ್ ಮಗ" ಎಂದರು. ಚಿಕ್ಕಪ್ಪನಿಗೆ ನಾನು ಇದನ್ನು ಹೇಳಿಲ್ಲ. ಈ ಸಂಚಿಕೆ ಅವರ ಕೈಗೆ ಸಿಕ್ಕುವುದಿಲ್ಲವೆಂದು ನಂಬಿದ್ದೇನೆ.

ಹೀಗಿರುವಾಗ ಒಂದು ಶನಿವಾರ ನಮ್ಮ ಕಾಲೇಜಿನ ಅಧ್ಯಾಪಕರೊಬ್ಬರು ಬಂದರು. ಯಾರೆಂದು ಬರೆಯುವುದಿಲ್ಲ, ಆಂತರಿಕ ಅಂಕಗಳು ಇನ್ನೂ ಪ್ರಕಟವಾಗಿಲ್ಲ. ತಮ್ಮ ವಿದ್ಯಾರ್ಥಿದೆಸೆಯಲ್ಲಿ ಮೈಸೂರಿನಲ್ಲಿ ಆಡುತ್ತಿದ್ದವರು, ಚೆನ್ನಾಗಿಯೇ ಆಡುತ್ತಾರೆ. ಆಟದ ನಡುವೆ ತಾತ ಒಂದು ನೀಲಿ ಚೆಂಡನ್ನು ತಪ್ಪಿಸಿದರು. ಅಧ್ಯಾಪಕರು ಕ್ಯೂವನ್ನು ಗೋಡೆಗೆ ಒರಗಿಸಿ, "ಯಜಮಾನರೇ, ನಾನು ಬಹಳ ಮಾರ್ಕರುಗಳ ಜೊತೆ ಆಡಿದ್ದೇನೆ. ಬಿಟ್ಟುಕೊಟ್ಟರೆ ನನಗೆ ಗೊತ್ತಾಗುತ್ತದೆ. ಆಡುವುದಾದರೆ ಆಡಿ, ಇಲ್ಲವಾದರೆ ನಾನು ಬಸ್ಸಿಗೆ ಹೊರಡುತ್ತೇನೆ" ಎಂದರು.

ತಾತ ಏನೂ ಹೇಳಲಿಲ್ಲ. ಕೊನೆಗೆ ಕಪ್ಪು ಚೆಂಡೊಂದೇ ಉಳಿಯಿತು; ಅಧ್ಯಾಪಕರು ಮೂರು ಅಂಕ ಮುಂದಿದ್ದರು. ಕಪ್ಪಿಗೆ ಏಳು. ಅದು ಮೇಜಿನ ಆ ತುದಿಯಲ್ಲಿ ಅಂಚಿಗೆ ಅಂಟಿಕೊಂಡಿತ್ತು. ತಾತ ಕ್ಯೂವಿನ ತುದಿಗೆ ಸೀಮೆಸುಣ್ಣ ತಿಕ್ಕಿದರು. ಬಗ್ಗಿದಾಗ ಅವರ ಮಂಡಿ ಸದ್ದು ಮಾಡಿತು. ಚೆಂಡು ಅಂಚಿನ ಉದ್ದಕ್ಕೂ, ಹೊಸ ರಬ್ಬರಿಗೆ ಅಂಟಿದಂತೆ ಮೆಲ್ಲಗೆ ಹೋಗಿ ಗುಳಿಯೊಳಗೆ ಬಿದ್ದಿತು.

ಅಧ್ಯಾಪಕರು ಎಂಬತ್ತು ರೂಪಾಯಿ ಎಣಿಸಿ ಕೊಟ್ಟರು. ತಾತ ಅದನ್ನು ಡಬ್ಬಿಗೆ ಹಾಕಿ, ಹಲಗೆಯ ಮೇಲೆ ಅಂಕ ಬದಲಾಯಿಸಿ, ಬ್ರಷ್ ತೆಗೆದುಕೊಂಡು ಮೇಜಿನ ಕೆಳತುದಿಗೆ ಹೋದರು. ಅರ್ಧ ಬಟ್ಟೆಗೆ ಬ್ರಷ್ ಹಾಕಿದ ಮೇಲೆ ತಲೆಯೆತ್ತದೆಯೇ ಹೇಳಿದರು: "ಹೊಡೆಯೋವಾಗ ನಿಮ್ಮ ಮೊಣಕೈ ಏಳ್ತದೆ ಸಾರ್. ಮುಂದಿನ್ ವಾರ ಬನ್ನಿ, ಸರಿ ಮಾಡವ."